ಒಂದೇ ಗೋಡೆಯ ಎರಡು ಮನೆಗಳ ವ್ಯಾಜ್ಯ

ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿಗೆ ಕೋರ್ಟಿನಲ್ಲಿ ಕೆಲಸ ಸಿಕ್ಕಿದೆ. ಸಮನ್ಸು, ನೋಟೀಸು ಜಾರಿ ಮಾಡುವ ಕೆಲಸ. ನಾನು ಸೇರಿದ ಕಾಲದಲ್ಲಿ ಈ ಕೆಲಸಕ್ಕೆ ಹೆಣ್ಣುಮಕ್ಕಳು ಬರುತ್ತಿರಲಿಲ್ಲ. ಮೊನ್ನೆ ಪೇಡ ಕೊಡಲು ಬಂದವಳು, “ಕೆಲ್ಸ ಹೆಂಗಿರುತ್ತೆ ಸಾರ್, ಒಂದಿಷ್ಟು ಹೇಳಿ” ಎಂದಳು. ಚೆನ್ನಾಗಿರುತ್ತಮ್ಮ ಎಂದು ಹೇಳಿ ಕಳಿಸಿದೆ. ಅಷ್ಟು ಸಂತೋಷದಲ್ಲಿ ಬಂದವಳ ಮುಂದೆ ಬೇರೇನು ಹೇಳುವುದು? ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ಊರಿನ ಕೋರ್ಟುಗಳಲ್ಲೇ ನನ್ನ ಸರ್ವೀಸು ಕಳೆಯಿತು. ಮೊದಲು ನೋಟೀಸು ಜಾರಿ ಮಾಡುವವನಾಗಿದ್ದೆ. ಆಮೇಲೆ ವಾರಂಟು ಹಿಡಿದು ಹೋಗಿ ಮನೆ, ಅಂಗಡಿ, ಜಮೀನು ಬಿಡಿಸಿಕೊಡುವ ಬೇಲಿಫ್ ಆದೆ. ಜನಕ್ಕೆ ಈ ವ್ಯತ್ಯಾಸ ಬೇಕಿಲ್ಲ. ಅವರ ಪಾಲಿಗೆ ಇಬ್ಬರೂ ಅಮೀನರೇ. ಮೂರೂ ಊರಿನ ಬೀದಿಗಳು ನನಗೆ ಗೊತ್ತು. ಯಾರ ಮನೆಯ ನಾಯಿ ಬರಿದೇ ಬೊಗಳುತ್ತದೆ, ಯಾರದ್ದು ಕಚ್ಚುತ್ತದೆ ಎಂಬುದೂ ಗೊತ್ತು. ಆದರೆ ಆ ಮನೆಗಳ ನಡುಮನೆ ಹೇಗಿದೆ ಎಂದು ಕೇಳಿದರೆ ಹೇಳಲಾರೆ. ಅಮೀನ ನಿಲ್ಲುವುದು ಹೊಸ್ತಿಲಿನಿಂದ ಈಚೆಗೆ.

ಕೆಲಸಕ್ಕೆ ಸೇರಿದ ವಾರದಲ್ಲೇ ನಮ್ಮ ನಾಜರು ಬುದ್ಧಿ ಹೇಳಿದ್ದರು. ನಾಜರು ಎಂದರೆ ನಮ್ಮಂಥವರಿಗೆ ಕಾಗದ ಹಂಚಿ, ಹೋಗಿಬಂದ ವರದಿ ತೆಗೆದುಕೊಳ್ಳುವ ಮೇಲಧಿಕಾರಿ. “ಯಾರ ಮನೇಲೂ ಕೂರ್ಬೇಡ ಕಣಯ್ಯ. ನೀರೂ ಕುಡೀಬೇಡ. ಇವತ್ತು ಮಜ್ಜಿಗೆ ಕೊಟ್ಟೋರು ನಾಳೆ ಅಮೀನ ನಮ್ಮ ಕಡೆಯೋನು ಅಂತಾರೆ” ಎಂದರು. ಸರಿಯಾದ ಮಾತೇ. ಕೊನೆಯವರೆಗೂ ಹಾಗೇ ನಡೆದುಕೊಂಡೆ. ಬಾಯಾರಿದರೆ ಬಸ್‌ಸ್ಟ್ಯಾಂಡಿನ ನಲ್ಲಿಗೆ ಹೋಗುತ್ತಿದ್ದೆ.

ಒಮ್ಮೆ ತುರುವೇಕೆರೆಯಲ್ಲಿ ಹೆಂಡತಿಯ ಕಡೆಯ ನೆಂಟರ ಮದುವೆ. ಹೊಸ ಪಂಚೆ ಉಟ್ಟು ಛತ್ರದ ಬಾಗಿಲಿಗೆ ಹೋದೆ. ಗಂಡಿನ ತಂದೆ ಪನ್ನೀರು ಎರಚುತ್ತ ನಿಂತಿದ್ದವರು ನನ್ನ ಮುಖ ನೋಡಿದರು. ಪನ್ನೀರುದಾನಿಯನ್ನು ಪಕ್ಕದವರ ಕೈಗೆ ಕೊಟ್ಟು ಒಳಗೆ ಹೋದವರು ಧಾರೆಯ ಹೊತ್ತಿಗೂ ಬರಲಿಲ್ಲ. ಅವರ ಮೇಲೊಂದು ವಾರಂಟು ಇತ್ತಂತೆ. ಅದು ನನ್ನ ಹತ್ತಿರ ಇರಲಿಲ್ಲ, ಇದ್ದದ್ದು ನನಗೆ ತಿಳಿದೂ ಇರಲಿಲ್ಲ. ಅಡುಗೆಮನೆಯ ಹಿಂದಿನ ಬಾಗಿಲಿನಿಂದ ಹೋಗಿ ತೋಟದಲ್ಲಿ ಕೂತಿದ್ದ ಅವರನ್ನು ಕರೆತರಲು ಜನ ಹೋಗಬೇಕಾಯಿತು. ಊಟಕ್ಕೆ ಕೂತಾಗ ನನ್ನ ಎರಡೂ ಪಕ್ಕದ ಎಲೆಗಳು ಖಾಲಿ ಉಳಿದವು. ಆಮೇಲೆ ಮದುವೆ, ನಾಮಕರಣಗಳಿಗೆ ಹೆಂಡತಿಯನ್ನೇ ಕಳಿಸುತ್ತಿದ್ದೆ. ಅವಳು ತೀರಿಕೊಂಡ ಮೇಲೆ ಕರೆಯುವವರೂ ಇಲ್ಲವಾದರು.

ನಾನು ಸೇರಿದಾಗ ಜಮೀನು, ಮನೆ ಬಿಡಿಸುವಾಗ ತಮಟೆ ಹೊಡೆಸಿ ಸಾರುವ ಪದ್ಧತಿ ಇತ್ತು. ತಮಟೆಯವನು ನನ್ನ ಜೊತೆ ನಡೆದು ಬರುತ್ತಿದ್ದ. ಹುಳಿಯಾರಿನ ಆಚೆ, ಬೋರನಕಣಿವೆಯ ಕಡೆಯ ಹಳ್ಳಿಗಳಿಗೆ ಹೋದರೆ ದಿನವಿಡೀ ನಡಿಗೆ, ದಿನವಿಡೀ ಮಾತು. ಕ್ರಮೇಣ ತಮಟೆ ಕಡಿಮೆಯಾಯಿತು, ನಾನು ಗಾಡಿ ತೆಗೆದುಕೊಂಡೆ, ಒಬ್ಬನೇ ಹೋಗತೊಡಗಿದೆ. ಕೊನೆಯ ವರ್ಷಗಳಲ್ಲಿ ಮೊಬೈಲು ಬಂತು. ಬಾಗಿಲ ಮುಂದೆ ನಿಂತು ಫೋಟೊ ತೆಗೆದರೆ ಸಾಕು, ಎಲ್ಲಿ ನಿಂತಿದ್ದೆ ಎಂಬುದು ತಾನಾಗಿ ಕೋರ್ಟಿಗೆ ತಿಳಿಯುತ್ತದೆ. ಸುಳ್ಳು ವರದಿ ಬರೆಯುವವರಿಗೆ ಕಡಿವಾಣ ಬಿತ್ತು, ಒಳ್ಳೆಯದೇ ಆಯಿತು. ಆದರೆ ಮೊದಲು ಬಾಗಿಲು ತೆರೆಯದಿದ್ದರೆ ಪಕ್ಕದ ಮನೆಯವರನ್ನು ವಿಚಾರಿಸುತ್ತಿದ್ದೆವು, ಅಂಗಡಿಯವನನ್ನು ಕೇಳುತ್ತಿದ್ದೆವು. ಈಗ ಯಾರನ್ನೂ ಮಾತನಾಡಿಸದೆ ಇಡೀ ದಿನದ ಕೆಲಸ ಮುಗಿಸಬಹುದು. ಹೊಸದಾಗಿ ಬರುವವರು ಇದನ್ನು ಅನುಕೂಲ ಎಂದೇ ಎಣಿಸುತ್ತಾರೆ. ನಾನೂ ಸ್ವಲ್ಪ ಕಾಲ ಹಾಗೇ ಎಣಿಸಿದ್ದೆ.

ನಮ್ಮ ಕಡೆ ಸಿವಿಲ್ ಕೋರ್ಟು ಎಂದರೆ ಬಹುಪಾಲು ತೆಂಗಿನ ತೋಟದ ವ್ಯಾಜ್ಯ. ಭಾಗ, ಬದು, ದಾರಿ, ಬೋರ್‌ವೆಲ್ಲಿನ ನೀರು. ಬಾಡಿಗೆ ಕೇಸುಗಳು ಕಡಿಮೆ. ಆದರೆ ಮನಸ್ಸಿನಲ್ಲಿ ಉಳಿದವು ಅವೇ. ತೋಟದ ಕೇಸಿಗೆ ಎರಡೂ ಕಡೆಯಿಂದ ನೆಂಟರಿಷ್ಟರು ಗುಂಪಾಗಿ ಬರುತ್ತಾರೆ. ಬಾಡಿಗೆ ಕೇಸಿಗೆ ಬರುವವರು ಒಬ್ಬೊಬ್ಬರೇ.

ಈ ಕೇಸುಗಳ ಬಗ್ಗೆ ಹೊಸಬರು ಒಂದು ಮಾತು ತಿಳಿದಿರಬೇಕು. ಬಾಡಿಗೆ ಹೆಚ್ಚಿಸಿಕೊಡಿ ಎಂದು ಕೋರ್ಟಿಗೆ ಬರುವ ಮಾಲೀಕರು ತೀರ ಕಡಿಮೆ. ಮನೆ ನನ್ನ ಸ್ವಂತ ಉಪಯೋಗಕ್ಕೆ ಬೇಕು, ಬಿಡಿಸಿಕೊಡಿ ಎಂದು ಬರುತ್ತಾರೆ. ಒಳಗಿರುವುದು ಬಾಡಿಗೆಯ ಜಗಳವೇ. ಬಾಡಿಗೆದಾರನೂ ಅಷ್ಟೇ, ಹೆಚ್ಚು ಕೊಡಲು ನನ್ನಿಂದಾಗದು ಎಂದು ಬರೆಸುವುದಿಲ್ಲ. ಮಾಲೀಕರಿಗೆ ಈ ಮನೆಯ ಅಗತ್ಯವೇ ಇಲ್ಲ ಎಂದು ಬರೆಸುತ್ತಾನೆ. ಇಬ್ಬರೂ ಕೇಳಬೇಕಾದ್ದನ್ನು ಬಿಟ್ಟು ಬೇರೆಯದನ್ನು ಕೇಳುತ್ತಾರೆ. ಕೋರ್ಟು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ.

ಸರ್ಕಾರಿ ಕಟ್ಟಡಗಳ ಬಾಡಿಗೆಯದು ಬೇರೆ ದಾರಿ. ಅಲ್ಲಿ ಎದುರಿಗೆ ಮನುಷ್ಯನಿರುವುದಿಲ್ಲ, ಕಚೇರಿ ಇರುತ್ತದೆ. ಒಂದು ಊರಿನಲ್ಲಿ, ಹೆಸರು ಬೇಡ, ಬಸ್‌ಸ್ಟ್ಯಾಂಡಿನ ಪಕ್ಕ ಪುರಸಭೆಯ ಮಳಿಗೆಗಳ ಸಾಲಿತ್ತು. ಬಹಳ ವರ್ಷ ಹಳೆಯ ಬಾಡಿಗೆಯೇ ನಡೆದು ಬಂದಿತ್ತು. ಒಂದು ಸಲ ಕಚೇರಿಯವರು ಒಮ್ಮೆಗೇ ಏರಿಸಿದರು. ಕಟ್ಟದಿದ್ದರೆ ಬೀಗ ಹಾಕುತ್ತೇವೆ ಎಂದರು. ಅಂಗಡಿಯವರೆಲ್ಲ ಸೇರಿ ಕೋರ್ಟಿಗೆ ಹೋಗಿ ತಡೆ ತಂದರು. ಆ ತಡೆಯಾಜ್ಞೆಯನ್ನು ಜಾರಿ ಮಾಡಲು ಹೋದವನು ನಾನು. ನಾನು ಹೋಗುವ ಹೊತ್ತಿಗೆ ಅಧಿಕಾರಿಯೊಬ್ಬರು ಬೀಗಗಳ ಚೀಲದೊಂದಿಗೆ ಅಲ್ಲೇ ನಿಂತಿದ್ದರು.

ಅಧಿಕಾರಿ ಆಜ್ಞೆಯನ್ನು ಓದಿ, ಮಳಿಗೆಗಳ ನಂಬರು ಹಿಡಿದು ಒಂದೊಂದೇ ನೋಡುತ್ತ ಬಂದರು. ಕೊನೆಗೆ ಸೈಕಲ್ ರಿಪೇರಿಯ ಕರಿಬಸಪ್ಪನ ಮುಂದೆ ನಿಂತರು.

“ನಿಂದು ಇದ್ರಲ್ಲಿ ಇಲ್ವಲ್ಲಪ್ಪ.”

“ಎಲ್ಲಾರೂ ಸೇರೇ ಹಾಕಿದ್ದು ಸ್ವಾಮಿ. ಇವ್ರನ್ನ ಕೇಳಿ ಬೇಕಾದ್ರೆ.”

ವಕೀಲರ ಆಫೀಸಿನಲ್ಲಿ ಟೈಪು ಮಾಡುವಾಗ ಅವನ ನಂಬರು ಬಿಟ್ಟುಹೋಗಿತ್ತು. ಕರಿಬಸಪ್ಪ ಸುತ್ತಲೂ ನೋಡಿದ. ಹೌದು ಸಾರ್, ಇವನೂ ನಮ್ಮ ಜೊತೆಗೇ ಇದ್ದ ಎಂದು ಒಬ್ಬರಾದರೂ ಹೇಳಬಹುದಿತ್ತು. ತಮ್ಮ ನಂಬರು ಇದೆಯಲ್ಲ ಎಂಬ ನಿರಾಳದಲ್ಲಿ ಒಬ್ಬೊಬ್ಬರೇ ತಂತಮ್ಮ ಅಂಗಡಿಗೆ ಸರಿದುಹೋದರು. “ಅಮೀನ್ರೇ, ನೀವಾದ್ರೂ ಒಂದ್ ಮಾತು ಹೇಳಿ” ಎಂದ. ಕಾಗದದಲ್ಲಿ ಇಲ್ಲದ್ದನ್ನು ಹೇಳುವ ಅಧಿಕಾರ ನನಗಿಲ್ಲ ಎಂದೆ. ಆ ಸಾಲಿನಲ್ಲಿ ಅವನ ಒಂದು ಅಂಗಡಿಗೆ ಮಾತ್ರ ಬೀಗ ಬಿತ್ತು.

ತಪ್ಪನ್ನು ತಿದ್ದಿಸಲು ವಕೀಲರು ಮತ್ತೆ ಅರ್ಜಿ ಹಾಕಿದರು. ಅದು ಮುಗಿಯುವವರೆಗೆ ಕರಿಬಸಪ್ಪ ಬೀಗ ಹಾಕಿದ ಬಾಗಿಲಿನ ಮುಂದೆ, ಮೆಟ್ಟಿಲ ಮೇಲೆ ಕೂತು ಪಂಚರು ಹಾಕುತ್ತಿದ್ದ. ಎಡಕ್ಕೂ ಬಲಕ್ಕೂ ವ್ಯಾಪಾರ ನಡೆದೇ ಇತ್ತು. ಕೊನೆಗೆ ಬೀಗ ತೆಗೆದರು. ಆದರೆ ಅವನು ಮುಂದೆಂದೂ ಆ ಸಾಲಿನ ಯಾರ ಜೊತೆಗೂ ನಿಂತು ಟೀ ಕುಡಿಯಲಿಲ್ಲ ಎಂದು ಅಲ್ಲಿಯ ಹೋಟೆಲಿನವನು ಹೇಳಿದ. ಕೇಸಿನಲ್ಲಿ ಎಲ್ಲರೂ ಗೆದ್ದರು, ಅವನೂ ಗೆದ್ದ. ಆ ಮೆಟ್ಟಿಲ ಮೇಲೆ ಕೂತಿದ್ದ ಅವನ ಮುಖ ಮಾತ್ರ ನನ್ನ ಕಣ್ಣಿನಿಂದ ಹೋಗಿಲ್ಲ.

ಮೇಲಧಿಕಾರಿಗಳಲ್ಲಿ ಬೈಯುವವರನ್ನು ಕಂಡೆ, ಮುಖ ಎತ್ತಿ ನೋಡದವರನ್ನೂ ಕಂಡೆ. ತಿಪಟೂರಿನಲ್ಲಿ ಕೆಲವು ವರ್ಷ ಒಬ್ಬ ಮಹಿಳಾ ನ್ಯಾಯಾಧೀಶರಿದ್ದರು. ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಸಂಜೆ ಅವರು ಕ್ವಾರ್ಟರ್ಸಿನ ಕಾಂಪೌಂಡಿನೊಳಗೇ ಸುತ್ತು ಹಾಕುತ್ತಿದ್ದರು. ಪೇಟೆಗೆ ಹೋದರೆ ಕೇಸಿನ ಪಾರ್ಟಿಯವರು ಯಾರಾದರೂ ನಮಸ್ಕಾರ ಹಾಕುತ್ತಾರೆ, ಅದನ್ನು ಇನ್ನೊಬ್ಬರು ನೋಡುತ್ತಾರೆ ಎಂಬ ಕಾರಣಕ್ಕೆ. ಒಮ್ಮೆ ಏನೋ ಕಾಗದ ಕೊಡಲು ಹೋದಾಗ, “ಅಮೀನರೇ, ನೀವು ಹೋದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ, ನಾನು ಹೋದರೆ ಎದ್ದು ನಿಲ್ಲುತ್ತಾರೆ. ಇಬ್ಬರ ಹತ್ತಿರವೂ ಯಾರೂ ಮಾತನಾಡುವುದಿಲ್ಲ” ಎಂದರು. ನಕ್ಕೇ ಹೇಳಿದರು. ನನಗೆ ನಗು ಬರಲಿಲ್ಲ.

ಈಗ ಹೇಳುವ ಕೇಸು ನಡೆದದ್ದು ಅವರ ಮುಂದೆಯೇ.

ತಿಪಟೂರಿನ ಹಳೆಯ ಬೀದಿಯೊಂದರಲ್ಲಿ ಜೋಡಿ ಮನೆ. ಒಂದೇ ಹೆಂಚಿನ ಸೂರು, ನಡುವೆ ಒಂದೇ ಗೋಡೆ, ಮುಂದೆ ಒಂದೇ ಜಗಲಿ, ಬಾಗಿಲು ಮಾತ್ರ ಎರಡು. ಒಂದು ಪಾಲಿನಲ್ಲಿ ಮಾಲೀಕರು ಶಿವಗಂಗಮ್ಮ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನೊಣವಿನಕೆರೆಯ ಹತ್ತಿರ ಗಂಡನ ಕಡೆಯ ತೋಟವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮೈದುನ ತನಗೆ ತೋರಿದಷ್ಟು ಕೊಡುತ್ತಿದ್ದ. ಇನ್ನೊಂದು ಪಾಲಿನಲ್ಲಿ ಬಾಡಿಗೆಗೆ ನಂಜುಂಡಯ್ಯ. ಕೊಬ್ಬರಿ ಮಂಡಿಗಳ ತಕ್ಕಡಿ ರಿಪೇರಿ ಮಾಡುವವರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಅವರಿಗೂ ಮಕ್ಕಳಿರಲಿಲ್ಲ. ಮಂಡಿಗಳಿಗೆ ಎಲೆಕ್ಟ್ರಾನಿಕ್ ತೂಕದ ಯಂತ್ರ ಬಂದ ಮೇಲೆ ಅವರ ಕೆಲಸ ಕುಗ್ಗಿತ್ತು.

ಶಿವಗಂಗಮ್ಮನ ಕಡೆಯಿಂದ ಮನೆ ಬಿಡಿಸಿಕೊಡಿ ಎಂದು ಅರ್ಜಿ ಬಿತ್ತು. ಅಣ್ಣನ ಮಗ ತಿಪಟೂರಿಗೆ ಬಂದು ಮೆಡಿಕಲ್ ಸ್ಟೋರ್ ಇಡುತ್ತಾನೆ, ಅವನಿಗೆ ಇರಲು ಆ ಮನೆ ಬೇಕು ಎಂಬುದು ಕಾರಣ. ನೋಟೀಸು ತೆಗೆದುಕೊಂಡು ನಾನು ಹೋದೆ. ನಂಜುಂಡಯ್ಯ ಬಾಗಿಲಲ್ಲೇ ಕೂತು ತಕ್ಕಡಿಯ ಮುಳ್ಳನ್ನು ಉಜ್ಜುತ್ತಿದ್ದರು. ಓದಿದರು, ಮತ್ತೊಮ್ಮೆ ಓದಿದರು.

“ಪಕ್ಕದ್ ಮನೇಲೇ ಅವ್ರೆ ಅಮೀನ್ರೇ. ಬಾಗ್ಲು ತಟ್ಟಿ ಹೇಳಕ್ಕಾಗ್ತಿರ್ಲಿಲ್ವಾ? ಕೋರ್ಟ್ ಸುತ್ತಿ ಬರ್ಬೇಕಿತ್ತಾ ಇದು?”

ನಾನು ಸಹಿ ಮಾಡುವ ಜಾಗ ತೋರಿಸಿದೆ. ಪಕ್ಕದ ಕಿಟಕಿಯ ಒಳಗೆ ಯಾರೋ ಸರಿದಂತಾಯಿತು.

ಆಮೇಲೆ ನಂಜುಂಡಯ್ಯ ಬಾಡಿಗೆಯನ್ನು ಮನಿಯಾರ್ಡರ್ ಮಾಡಿದರೆ ಆಕೆ ವಕೀಲರ ಮಾತಿನಂತೆ ತೆಗೆದುಕೊಳ್ಳಲಿಲ್ಲ. ಮಾಲೀಕರು ತೆಗೆದುಕೊಳ್ಳದಿದ್ದರೆ ಬಾಡಿಗೆದಾರ ಕೋರ್ಟಿನಲ್ಲಿ ಕಟ್ಟಬಹುದು. ಕಟ್ಟದೆ ಬಿಟ್ಟರೆ ಕೇಸು ಸೋತಂತೆ. ಅವರು ಅದಕ್ಕೆ ಅರ್ಜಿ ಹಾಕಿದರು, ಅದರ ನೋಟೀಸನ್ನು ನಾನು ಆಕೆಗೆ ಕೊಟ್ಟೆ. ಹೀಗೆ ಒಂದೇ ಜಗಲಿಯ ಮೇಲೆ, ಒಮ್ಮೆ ಈ ಬಾಗಿಲು, ಒಮ್ಮೆ ಆ ಬಾಗಿಲು. ಒಂದು ಮನೆಯ ಮಾತನ್ನು ಪಕ್ಕದ ಮನೆಗೆ ಮುಟ್ಟಿಸಲು ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು.

ನಂಜುಂಡಯ್ಯ ತಿಂಗಳಿಗೊಮ್ಮೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಡಿಗೆ ಕಟ್ಟಲು ಬರುತ್ತಿದ್ದರು. ಕಟ್ಟಿದ ಮೇಲೆ ಕೋರ್ಟಿನ ಹೊಂಗೆಮರದ ಕೆಳಗೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ಕೆಲಸವಿಲ್ಲದಾಗ ನಾನೂ ನಿಲ್ಲುತ್ತಿದ್ದೆ. ಕೇಸಿನ ಮಾತೆತ್ತುತ್ತಿರಲಿಲ್ಲ, ತಕ್ಕಡಿಯ ಮಾತು. ವಿಚಾರಣೆಯ ದಿನ ಇಬ್ಬರೂ ಮನೆಯಿಂದ ಒಂದೇ ಹೊತ್ತಿಗೆ ಹೊರಡುತ್ತಿದ್ದರು. ಒಂದೇ ದಾರಿ. ಮುಂದೆ ಶಿವಗಂಗಮ್ಮ, ಹಿಂದೆ ದೂರದಲ್ಲಿ ನಂಜುಂಡಯ್ಯ. ಆಕೆ ರಸ್ತೆ ದಾಟಲು ನಿಂತರೆ ಅವರೂ ಅಲ್ಲೇ ಎಲ್ಲೋ ನಿಲ್ಲುವರು. ಮುಂದೆ ಹೋಗುತ್ತಿರಲಿಲ್ಲ.

ಒಂದು ದಿನ ಹೆಸರು ಕೂಗಿದರೆ ಶಿವಗಂಗಮ್ಮ ಬಂದಿರಲಿಲ್ಲ. ಅವರ ವಕೀಲರಿಗೂ ಕಾರಣ ಗೊತ್ತಿರಲಿಲ್ಲ. ನಂಜುಂಡಯ್ಯ ಎದ್ದು ನಿಂತರು.

“ಅವ್ರಿಗೆ ಜ್ವರ ತಾಯಿ. ನಾಕೈದು ದಿನದಿಂದ ಕೆಮ್ತಾ ಅವ್ರೆ.”

ನ್ಯಾಯಾಧೀಶರು ತಲೆ ಎತ್ತಿದರು. “ನಿಮಗೆ ಹೇಗೆ ಗೊತ್ತು?”

“ಗೋಡೆ ಒಂದೇ ಅಲ್ವಾ ತಾಯಿ, ಕೇಳಿಸುತ್ತೆ.”

ಹಾಲಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಮುಂದಿನ ದಿನಾಂಕ ಕೊಟ್ಟರು. ಆ ದಿನ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, “ಹೊರಗೆ ಬೆಂಚಿನ ಮೇಲೆ ಕೂತು ಮಾತಾಡಿಕೊಂಡು ಬನ್ನಿ. ಎಷ್ಟು ಬಾಡಿಗೆ ಆದರೆ ಸರಿ ಎಂದು ನೀವೇ ಹೇಳಿ” ಎಂದರು. ವಕೀಲರು ಜೊತೆಗೆ ಹೋಗುವುದು ಬೇಡ ಎಂದೂ ಹೇಳಿದರು. ಯಾರಾದರೂ ಹತ್ತಿರವಿರಲಿ ಎಂದು ನನ್ನನ್ನು ಕಳಿಸಿದರು.

ಬೆಂಚಿನ ಈ ತುದಿಗೆ ಆಕೆ, ಆ ತುದಿಗೆ ಅವರು. ವರಾಂಡದಲ್ಲಿ ಜನವೋ ಜನ. ಬಾಗಿಲ ಹತ್ತಿರ ಅವರದೇ ಬೀದಿಯ ಇಬ್ಬರು ಹೆಂಗಸರು ಬೇರೆ ಯಾವುದೋ ಕೇಸಿಗೆ ಬಂದವರು ನಿಂತು ನೋಡುತ್ತಿದ್ದರು. ಶಿವಗಂಗಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ನಂಜುಂಡಯ್ಯ ಅಂಗೈ ನೋಡಿಕೊಳ್ಳುತ್ತಿದ್ದರು. ಮತ್ತೆ ಒಳಗೆ ಕರೆಯುವವರೆಗೂ ಇಬ್ಬರೂ ಒಂದು ಮಾತೂ ಆಡಲಿಲ್ಲ. “ಏನಾಯಿತು?” ಎಂದು ನ್ಯಾಯಾಧೀಶರು ಕೇಳಿದಾಗಲೂ ಆಡಲಿಲ್ಲ. ಕೇಸು ಮುಂದುವರಿಯಿತು.

ಅಣ್ಣನ ಮಗ ಬಂದು ಸಾಕ್ಷಿ ಹೇಳಿದ. ಮನೆ ಬೇಕೆಂಬ ಮಾತನ್ನು ಸುಳ್ಳು ಮಾಡಲು ನಂಜುಂಡಯ್ಯನ ಹತ್ತಿರ ಏನೂ ಇರಲಿಲ್ಲ. ಮನೆ ಬಿಡಬೇಕು ಎಂದು ತೀರ್ಪಾಯಿತು, ಕೆಲವು ತಿಂಗಳ ಗಡುವೂ ಸಿಕ್ಕಿತು. ಅವರು ಮೇಲಿನ ಕೋರ್ಟಿಗೆ ಹೋಗಲಿಲ್ಲ. ಗಡುವು ಮುಗಿದರೂ ಮನೆ ಬಿಡಲಿಲ್ಲ. ಕೊನೆಗೆ ವಾರಂಟು ನನ್ನ ಕೈಗೆ ಬಂತು.

ಮನೆ ಬಿಡಿಸಲು ಹೋಗುವ ದಿನ ಅಮೀನನಿಗೆ ಊಟ ಸೇರುವುದಿಲ್ಲ. ಬೈಗುಳ, ಅಳು, ಒಮ್ಮೊಮ್ಮೆ ಸೀಮೆಎಣ್ಣೆ ಡಬ್ಬ, ಎಲ್ಲ ನೋಡಿದ್ದೆ. ಒಬ್ಬ ಪೊಲೀಸಿನವನನ್ನೂ ವಕೀಲರ ಗುಮಾಸ್ತನನ್ನೂ ಕರೆದುಕೊಂಡು ಹೋದೆ. ಅಲ್ಲಿ ನೋಡಿದರೆ ಮನೆ ಗುಡಿಸಿ ಸಾರಿಸಿದಂತಿತ್ತು. ಸಾಮಾನೆಲ್ಲ ಕೊಬ್ಬರಿ ಚೀಲಗಳಲ್ಲಿ ತುಂಬಿ ಬಾಯಿ ಹೊಲಿದು ಇಟ್ಟಿದ್ದರು.

“ಇಷ್ಟೆಲ್ಲ ರೆಡಿ ಮಾಡ್ಕೊಂಡೋರು ಮುಂಚೇನೇ ಹೋಗ್ಬಹುದಿತ್ತಲ್ಲ” ಎಂದೆ.

“ಹಂಗೇ ಹೋದ್ರೆ ಹೇಳ್ದೆ ಕೇಳ್ದೆ ಓಡೋದ ಅಂತಾರೆ. ನೀವು ಬಂದು ಹೋಗು ಅಂದ್ರಲ್ಲ, ಈಗ ಹೋಗ್ತೀನಿ” ಎಂದರು.

ಚೀಲಗಳು ಲಗೇಜ್ ಆಟೋಗೆ ಹೋದವು. ನಂಜುಂಡಯ್ಯ ಬೀಗ ಹಾಕಿ ಕೀಯನ್ನು ನನ್ನ ಕೈಗೆ ಕೊಟ್ಟರು. ನಾನು ಪಕ್ಕದ ಬಾಗಿಲಿಗೆ ಹೋದೆ. ಮಾಲೀಕರು ಕೀ ತೆಗೆದುಕೊಂಡು, ಮನೆ ನನ್ನ ವಶಕ್ಕೆ ಬಂತು ಎಂದು ಸಹಿ ಹಾಕಿದರೆ ನನ್ನ ಕೆಲಸ ಮುಗಿಯುತ್ತದೆ. ಶಿವಗಂಗಮ್ಮ ಹೊಸ್ತಿಲ ಒಳಗೆ ನಿಂತಿದ್ದರು. ಕೈ ಚಾಚಲಿಲ್ಲ.

“ಅಮ್ಮಾರೇ, ಕೀ ತಗೊಂಡು ಸೈನ್ ಹಾಕಿ.”

“ನಾನು ಮನೆ ಬುಡ್ಸಿ ಅಂತ ಕೇಳಕ್ಕೆ ಹೋಗಿದ್ದಲ್ಲ ಅಮೀನ್ರೇ.”

“ಅರ್ಜೀಲಿ ಅದೇ ಅಲ್ವೇನಮ್ಮ ಇರೋದು?”

ಆಕೆ ತಗ್ಗಿದ ದನಿಯಲ್ಲಿ ಹೇಳಿದರು. “ಬಾಡ್ಗೆ ಒಂಚೂರು ಜಾಸ್ತಿ ಮಾಡಿ ಅಂತ ಕೇಳ್ಬೇಕಾಗಿತ್ತು, ಅಷ್ಟೇಯ. ಮೈದ ಕೊಡೋದ್ರಲ್ಲಿ ಆಗ್ತಿರ್ಲಿಲ್ಲ. ಗಂಡ ಇಲ್ಲದೋಳು ನಾನು. ಒಂಟಿ ಗಂಡ್ಸಿನ ಬಾಗ್ಲಲ್ಲಿ ನಿಂತ್ಕೊಂಡು ಹೆಂಗೆ ಕೇಳ್ಲಿ? ಎದುರುಮನೆಯೋರು ನೋಡಲ್ವಾ? ಅದ್ಕೇ ಲಾಯರ್ ಹತ್ರ ಹೋದೆ. ಬಾಡ್ಗೆ ಅಂತ ಕೇಳಿದ್ರೆ ಆಗಲ್ಲ, ಮನೇನೇ ಕೇಳ್ಬೇಕು ಅಂದ್ರು. ಆಮೇಲೆ ಅದು ನನ್ನ ಕೈಲಿ ಇರ್ಲಿಲ್ಲ.”

ಕೀ ಹಿಡಿದ ನನ್ನ ಕೈ ಹಾಗೇ ಮುಂದಿತ್ತು. ಆಟೋದ ಇಂಜಿನ್ ಸದ್ದಿನಲ್ಲಿ ಈ ಮಾತು ನಂಜುಂಡಯ್ಯನವರೆಗೆ ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಅವರು ಜಗಲಿಯ ಕೆಳಗೆ ನಿಂತು, ರಸ್ತೆಯ ಕಡೆ ಮುಖ ಮಾಡಿಕೊಂಡೇ, “ತಗಳಿ ಅಮ್ಮಾರೇ. ಅಮೀನ್ರಿಗೆ ಬ್ಯಾರೆ ಕೆಲ್ಸ ಇರ್ತದೆ” ಎಂದರು. ಅವರಿಬ್ಬರ ನಡುವೆ ನಾನು ಕೇಳಿದ ಮೊದಲ ಮಾತು ಅದು. ಆಕೆ ಕೀ ತೆಗೆದುಕೊಂಡರು.

ಅಣ್ಣನ ಮಗ ಬರಲಿಲ್ಲ. ಅವನಿಗೆ ಬೇರೆ ಊರಿನಲ್ಲಿ ಅಂಗಡಿ ಸಿಕ್ಕಿತಂತೆ. ಮನೆ ಖಾಲಿ ಉಳಿಯಿತು. ಕೆಲವು ತಿಂಗಳ ಮೇಲೆ ಒಂದು ದಿನ ಶಿವಗಂಗಮ್ಮ ಕೋರ್ಟಿಗೆ ಬಂದು ವರಾಂಡದಲ್ಲಿ ನಿಂತಿದ್ದರು. ಏನೋ ಕಾಗದದ ಕೆಲಸವಿರಬೇಕು ಎಂದುಕೊಂಡೆ.

“ಅಮೀನ್ರೇ, ಅವ್ರಿಗೊಂದು ನೋಟೀಸ್ ಕಳ್ಸಕ್ಕಾಗುತ್ತಾ?”

“ಯಾವ ನೋಟೀಸಮ್ಮ? ಕೇಸು ಮುಗೀತಲ್ಲ.”

“ಮನೆ ಖಾಲಿ ಐತೆ, ಬರೋದಿದ್ರೆ ಬರ್ಲಿ, ಮೊದ್ಲಿನ ಬಾಡ್ಗೇನೇ ಕೊಡ್ಲಿ ಅಂತ. ನಿಮ್ ಕೈಲಿ ಕಳ್ಸಿದ್ರೆ ಮುಟ್ಟುತ್ತೆ.”

ಅಂಥ ನೋಟೀಸು ಕೋರ್ಟಿನಲ್ಲಿ ಇಲ್ಲ ಎಂದು ಹೇಳಬೇಕಾಯಿತು. ನೀವೇ ಹೋಗಿ ಹೇಳಿ ಎಂದೆ. ಆಕೆ ನನ್ನ ಮುಖ ನೋಡಿದರು. “ನಾನು ಹೆಂಗೆ ಹೋಗ್ಲಿ?” ಎಂದು ಹೇಳಿ ಹೊರಟುಹೋದರು.

ಆ ಭಾನುವಾರ ನಾನು ಕಿಬ್ಬನಹಳ್ಳಿಯ ಬಸ್ಸು ಹತ್ತಿದೆ. ಅಲ್ಲಿ ಹೆದ್ದಾರಿ ಸೇರುವ ಕಡೆ, ಕಾಯಿ ಮಂಡಿಯೊಂದರ ಹಿಂದೆ ಶೀಟು ಹೊದಿಸಿದ ಕೋಣೆಯಲ್ಲಿ ನಂಜುಂಡಯ್ಯ ಇದ್ದಾರೆಂದು ಕೇಳಿದ್ದೆ. ನನ್ನನ್ನು ನೋಡಿದವರೇ ಎದ್ದರು. ಕೈಯನ್ನು ಪಂಚೆಗೆ ಒರೆಸಿಕೊಂಡು ಮುಂದೆ ಚಾಚಿದರು.

“ಕೊಡಿ. ಎಲ್ಲಿ ಸೈನ್ ಹಾಕ್ಲಿ?”

“ಕಾಗದ ಏನೂ ಇಲ್ಲ. ಸುಮ್ನೆ ಬಂದೆ” ಎಂದೆ. ಅಷ್ಟು ವರ್ಷದಲ್ಲಿ ಕೈಯಲ್ಲಿ ಕಾಗದವಿಲ್ಲದೆ ನಾನು ಒಬ್ಬರ ಬಾಗಿಲಿಗೆ ಹೋದದ್ದು ಅದೇ ಮೊದಲು. ಹೇಗೆ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಶಿವಗಂಗಮ್ಮ ಹೇಳಿದ್ದನ್ನು ಹೇಳಿದೆ. ಮನೆ ಬಿಡಿಸುವ ದಿನ ಹೊಸ್ತಿಲಲ್ಲಿ ಹೇಳಿದ್ದನ್ನೂ ಹೇಳಿದೆ.

“ಅವ್ರು ಬಾಯ್ಬಿಟ್ಟು ಹಂಗಂದ್ರಾ?”

“ಅಂದ್ರು.”

“ಹೆಂಗಂದ್ರು, ಇನ್ನೊಂದ್ ಸಲ ಹೇಳಿ.”

ಮತ್ತೆ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಆಮೇಲೆ ತಲೆ ಎತ್ತಿದರು.

“ಹೋಗಕ್ಕಾಗಲ್ಲ ಅಮೀನ್ರೇ. ಕೇಸ್ ಹಾಕಿ ಓಡ್ಸಿದ್ಳು, ಆಮೇಲೆ ತಾನೇ ಕರ್ಸ್ಕೊಂಡ್ಳು ಅಂತಾರೆ ಬೀದಿಯೋರು. ನಂಗೇನಿಲ್ಲ, ಅವ್ರಿಗೇ ಕೆಟ್ಟ ಹೆಸ್ರು. ನಾನಿಲ್ಲಿ ಚೆನ್ನಾಗಿವ್ನಿ ಅಂತ ಹೇಳಿ.”

ಕೋಣೆಯನ್ನು ನೋಡಿದರೆ ಚೆನ್ನಾಗಿದ್ದಾರೆಂದು ಯಾರೂ ಹೇಳುವಂತಿರಲಿಲ್ಲ. ನಾನು ತಿಪಟೂರಿಗೆ ವಾಪಸು ಬಂದು ಜಗಲಿಯ ಕೆಳಗೆ ನಿಂತು, ಅವರು ಹೇಳಿದ್ದನ್ನು ಇದ್ದ ಹಾಗೇ ಶಿವಗಂಗಮ್ಮನಿಗೆ ಹೇಳಿದೆ. ಆಕೆ ಬಾಗಿಲ ಚೌಕಟ್ಟು ಹಿಡಿದು ಕೇಳಿದರು. “ಸರಿಯಾಗೇ ಹೇಳವ್ರೆ” ಎಂದರು.

ಆ ಮನೆಗೆ ಈಗ ಗಂಡ ಹೆಂಡತಿ ಇಬ್ಬರೂ ಬ್ಯಾಂಕಿನಲ್ಲಿರುವ ಒಂದು ಸಂಸಾರ ಬಂದಿದೆ. ಆಕೆ ಕೇಳಬೇಕೆಂದಿದ್ದಕ್ಕಿಂತ ಬಾಡಿಗೆ ಹೆಚ್ಚೇ ಬರುತ್ತದೆ. ಬೆಳಗ್ಗೆ ಬೀಗ ಹಾಕಿ ಹೋದರೆ ಅವರು ಬರುವುದು ಕತ್ತಲಾದ ಮೇಲೆ. “ಬಾಡ್ಗೆ ಫೋನಿಗೇ ಬತ್ತದೆ ಅಮೀನ್ರೇ. ಗೋಡೆ ಆಚೆ ಸದ್ದೇ ಇರಲ್ಲ” ಎಂದು ಆಕೆ ಒಮ್ಮೆ ಹೇಳಿದರು.

ನನಗೆ ನಿವೃತ್ತಿಯಾಯಿತು. ಹಾರ ಹಾಕಿದರು, ಕಾಫಿ ಕುಡಿದರು. ಮಾರನೆಯ ದಿನದಿಂದ ಹೋಗಲು ಯಾವ ಬಾಗಿಲೂ ಇರಲಿಲ್ಲ. ಹಳೆಯ ಪಾರ್ಟಿಯವರು ಸಂತೆಯಲ್ಲಿ ಸಿಕ್ಕರೆ ಇವತ್ತಿಗೂ ಮುಖ ತಿರುಗಿಸುತ್ತಾರೆ. ಅವರ ತಪ್ಪಲ್ಲ, ನನ್ನ ಮುಖದ ಜೊತೆ ಅವರ ಕೆಟ್ಟ ದಿನ ಅಂಟಿಕೊಂಡಿದೆ. ಹಾಗಾಗಿ ಆಗಾಗ ಕಿಬ್ಬನಹಳ್ಳಿಗೆ ಹೋಗಿ ನಂಜುಂಡಯ್ಯನ ಹತ್ತಿರ ಕೂರುತ್ತೇನೆ. ರಿಪೇರಿಗೆ ಬರುವ ತಕ್ಕಡಿಗಳು ಬೆರಳೆಣಿಕೆ. ಅವರು ಶಿವಗಂಗಮ್ಮನ ಸುದ್ದಿ ಕೇಳುವುದಿಲ್ಲ. ನಾನೇ ಹೇಳುತ್ತೇನೆ, ಅವರು ಕೈಯ ಕೆಲಸ ನಿಲ್ಲಿಸಿ ಕೇಳುತ್ತಾರೆ.

ಈ ಸಲ ಮುಂಗಾರು ಹಿಡಿಯುವ ಮುಂಚೆ ಹೋಗಿದ್ದೆ. ಹೊರಡುವಾಗ ಅವರೇ ಮಾತು ತೆಗೆದರು.

“ಅಮ್ಮಾರ ಅಡುಗೆಮನೆ ಮೇಲೆ ಹೆಂಚು ಸರಿದಿರ್ತವೆ. ಗಾಳೀಗೆ ಪ್ರತಿ ವರ್ಷ ಸರೀತವೆ. ಅವ್ರು ತೋಟಕ್ಕೆ ಹೋದ್ ದಿನ ನೋಡ್ಕೊಂಡು ನಾನೇ ಹತ್ತಿ ಸರಿ ಮಾಡ್ತಿದ್ದೆ. ಕೇಸ್ ನಡೆಯೋವಾಗ್ಲೂ ಬುಡ್ಲಿಲ್ಲ. ಅವ್ರಿಗೆ ಗೊತ್ತಿಲ್ಲ. ಬ್ಯಾಂಕಿನೋರು ಎಲ್ಲಿ ಹತ್ತುತಾರೆ? ಯಾರ್ನಾದ್ರೂ ಕರ್ಸಿ ಸರಿ ಮಾಡ್ಸ್ಕೊಳ್ಳಿ ಅಂತ ಹೇಳಿ. ನಾನು ಹೇಳ್ದೆ ಅನ್ಬೇಡಿ.”

ಮಾರನೆಯ ದಿನ ಶಿವಗಂಗಮ್ಮನ ಜಗಲಿಯ ಹತ್ತಿರ ಹೋಗಿ, ಮಳೆ ಬರುವುದರೊಳಗೆ ಅಡುಗೆಮನೆಯ ಹೆಂಚು ನೋಡಿಸಿಕೊಳ್ಳಿ ಎಂದೆ. ಯಾರು ಹೇಳಿದರು ಎಂದು ಆಕೆ ಕೇಳಲಿಲ್ಲ. ಸ್ವಲ್ಪ ಹೊತ್ತು ಸೂರಿನ ಕಡೆ ನೋಡಿದರು.

“ನಂಗೊತ್ತಿತ್ತು ಅಮೀನ್ರೇ” ಎಂದರು. “ಮಳೆ ಶುರುವಾಗೋ ಹೊತ್ಗೆ ಬೇಕಂತ್ಲೇ ಒಂದಿನ ತೋಟಕ್ಕೆ ಹೋಗ್ತಿದ್ದೆ. ಹೋಗೋವಾಗ ಏಣಿ ಹೊರ್ಗಡೆ ಇಟ್ಟು ಹೋಗ್ತಿದ್ದೆ.”

ಇದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಆಕೆ ಹೇಳು ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಮುಂದಿನ ಸಲ ಕಿಬ್ಬನಹಳ್ಳಿಗೆ ಹೋದಾಗ ಹೇಳಿದೆ. ನಂಜುಂಡಯ್ಯ ತಕ್ಕಡಿಯ ತಟ್ಟೆಯನ್ನು ಕೆಳಗಿಟ್ಟರು. ರಸ್ತೆಯ ಕಡೆ ನೋಡುತ್ತ ಕೂತರು. ನನ್ನ ಬಸ್ಸು ಬಂದು ನಿಂತು ಹೋಯಿತು, ನಾನು ಏಳಲಿಲ್ಲ.

“ಏಣಿ ಒಳಗಿಡೋದು ಮರ್ತ್ಬುಟ್ಟವ್ರೆ ಅಂತ ಅನ್ಕೋತಿದ್ದೆ” ಎಂದರು.